ಆಮದು ಜಾಸ್ತಿಯಾದರೆ ಬೆಳವಣಿಗೆ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಿ.ಕಾಂ ಓದುತ್ತಿದ್ದೇನೆ. ರಫ್ತಿಗಿಂತ ಆಮದು ಜಾಸ್ತಿ ಇದ್ದರೆ ಬಡ ದೇಶಗಳ ಬೆಳವಣಿಗೆಗೆ ಅಡ್ಡಿ ಅಂತ ತರಗತಿಯಲ್ಲಿ ಹೇಳಿದರು. ಕೆಲಸಗಾರರಿದ್ದಾರೆ, ಕಾರ್ಖಾನೆಗಳಿವೆ. ಹೊರಗಿನ ಲೆಕ್ಕ ನಮ್ಮನ್ನು ಯಾಕೆ ತಡೆಯಬೇಕು?

ಉತ್ತರ (ಅರ್ಥಶಾಸ್ತ್ರ ಉಪನ್ಯಾಸಕಿ): ಕಾರ್ಖಾನೆ ಇದೆ ನಿಜ. ಅದು ಓಡಲು ಕಚ್ಚಾತೈಲ, ಯಂತ್ರ, ಬಿಡಿಭಾಗ ಹೊರಗಿನಿಂದ ಬರಬೇಕು. ಅದಕ್ಕೆ ಡಾಲರೇ ಬೇಕು. ಡಾಲರನ್ನು ನಾವು ಅಚ್ಚು ಹಾಕಲಾಗದು. ದುಡಿದು ತರಬೇಕು, ಇಲ್ಲವೇ ಸಾಲ ಮಾಡಬೇಕು. ದೇಶ ಜೋರಾಗಿ ಬೆಳೆದಷ್ಟೂ ಆಮದೂ ಏರುತ್ತದೆ.

1991ನ್ನೇ ನೋಡಿ. ಹಿಂದಿನ ವರ್ಷ ಇರಾಕ್ ಕುವೈತ್‌ಗೆ ನುಗ್ಗಿತು. ತೈಲದ ಬೆಲೆ ಏರಿತು, ಕೊಲ್ಲಿಯಲ್ಲಿದ್ದ ನಮ್ಮವರು ಕಳಿಸುತ್ತಿದ್ದ ಹಣ ಕುಸಿಯಿತು. ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಉಳಿದಿತ್ತು. ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಅಡವಿಡಬೇಕಾಯಿತು. ಎಲ್ಲರಿಗೂ ನೆನಪಿರುವುದು ಆ ಚಿನ್ನ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಮದಿಗೆ ಬಿದ್ದ ಕಡಿವಾಣ. ಏಪ್ರಿಲ್ ಹೊತ್ತಿಗೆ ಬಹಳಷ್ಟು ಸರಕಿಗೆ ಬೆಲೆಯ ಎರಡರಷ್ಟು ಹಣವನ್ನು ಮೊದಲೇ ಬ್ಯಾಂಕಿನಲ್ಲಿ ಇಡಬೇಕಿತ್ತು. ಒಂದು ಲಕ್ಷದ ಬಿಡಿಭಾಗಕ್ಕೆ ಎರಡು ಲಕ್ಷ! ಸಣ್ಣ ಕಾರ್ಖಾನೆಯವರು ಎಲ್ಲಿಂದ ತರಬೇಕು? 5 ಶೇಕಡಾ ದಾಟಿದ್ದ ಬೆಳವಣಿಗೆ 1991-92ರಲ್ಲಿ ಒಂದೂವರೆ ಶೇಕಡಾಕ್ಕಿಂತ ಕೆಳಗಿಳಿಯಿತು. ಕೆಲಸಗಾರರು ಇದ್ದೇ ಇದ್ದರು.

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಆ್ಯಂಟನಿ ಥರ್ಲ್‌ವಾಲ್ 1979ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಉದಾಹರಣೆಗೆ, ರಫ್ತು ವರ್ಷಕ್ಕೆ 6 ಶೇಕಡಾ ಏರುತ್ತಿದೆ. ದೇಶದ ಆದಾಯ 1 ಶೇಕಡಾ ಏರಿದರೆ ಆಮದು 1.5 ಶೇಕಡಾ ಏರುತ್ತದೆ ಅಂದುಕೊಳ್ಳಿ. 6ನ್ನು 1.5ರಿಂದ ಭಾಗಿಸಿ. ಬಹುಕಾಲ ತಾಳುವ ಬೆಳವಣಿಗೆ 4 ಶೇಕಡಾ. ಅದಕ್ಕಿಂತ ಜೋರಾಗಿ ಬೆಳೆದರೆ ಆಮದು ರಫ್ತಿಗಿಂತ ಬೇಗ ಏರುತ್ತದೆ, ಡಾಲರ್ ಸಾಲದೆ ಹೋಗುತ್ತದೆ.

ಪ್ರಶ್ನೆ: ರೂಪಾಯಿ ಬೆಲೆ ಇಳಿಸಿದರೆ ಸಾಲದಾ ಮೇಡಂ?

ಉತ್ತರ: ಇಳಿಸಿದರು. 1991ರ ಜುಲೈ 1 ಮತ್ತು 3ರಂದು, ಎರಡು ಹಂತದಲ್ಲಿ. ನಮ್ಮ ಸರಕು ಹೊರಗೆ ಅಗ್ಗವಾಗುತ್ತದೆ ಸರಿ, ಆದರೆ ತೈಲ ನಮಗೆ ದುಬಾರಿಯಾಗುತ್ತದೆ. ಲಾರಿ, ಪಂಪ್‌ಸೆಟ್ ನಿಲ್ಲಿಸೋಕಾಗುತ್ತಾ? ಸುಮ್ನೆ ಬೆಲೆ ಇಳಿಸಿದರೆ ಸಾಲದು, ಹೊರಗಿನವರು ಬಯಸಿ ಕೊಳ್ಳುವಂಥದ್ದು ನಮ್ಮ ಹತ್ತಿರ ಇರಬೇಕು. ಸರಕಿನ ವ್ಯಾಪಾರದಲ್ಲಿ ನಮಗೆ ಇವತ್ತಿಗೂ ಕೊರತೆಯೇ. ಬೆಂಗಳೂರಿನಂಥ ಊರುಗಳ ಸಾಫ್ಟ್‌ವೇರ್ ರಫ್ತು, ಹೊರಗಿರುವವರು ಮನೆಗೆ ಕಳಿಸುವ ಹಣ ಅದರ ದೊಡ್ಡ ಪಾಲನ್ನು ತುಂಬುತ್ತಿವೆ.

ಪ್ರಶ್ನೆ: ಹಾಗಾದರೆ ಆಮದು ಕೆಟ್ಟದ್ದಾ?

ಉತ್ತರ: ಇಲ್ಲಪ್ಪ. ಸಾಲ ಮಾಡಿ ತಂದ ಯಂತ್ರ ನಾಳೆ ರಫ್ತು ಮಾಡಿ ಡಾಲರ್ ತರಬಹುದು. ಸಾಲ ಮಾಡಿ ತಂದ ಚಿನ್ನ ಬೀರುವಿನಲ್ಲಿ ಕೂತಿರುತ್ತದೆ. ಆಮದಿನ ಪಟ್ಟಿ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಈ ಎರಡು ಸಾಲುಗಳನ್ನು.