ಅಪ್‌ಡೇಟ್: ಮೈಸೂರಿನ ಸೈಟ್ ಅಡ್ವಾನ್ಸ್ ವಾಪಸ್ ಬರುತ್ತಿದೆ

ಆಗಲೇ ಬೇರೆಯವರಿಗೆ ಮಾರಿದ್ದ ಸೈಟನ್ನು ತೋರಿಸಿ ಅಮ್ಮನಿಂದ ಅಡ್ವಾನ್ಸ್ ತೆಗೆದುಕೊಂಡಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಮೊದಲ ಕಂತು ಕೈಸೇರಿತು! ಪೊಲೀಸ್ ದೂರಿನ ಸಲಹೆ ನಮಗೆ ಕೆಲಸ ಮಾಡಲಿಲ್ಲ, ಇದು ಸಿವಿಲ್ ವಿಷಯ ಅಂದುಬಿಟ್ಟರು. ಕೈಹಿಡಿದಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಎಂದವರ ಮಾತು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. ಇದು ಎಲ್ಲರಿಗೂ ಗೊತ್ತಿರಬೇಕು ಅಲ್ವಾ? ವಕೀಲರು ಇ.ಸಿ. (ಸೈಟಿನ ಹಿಂದಿನ ಮಾರಾಟ, ಸಾಲ ತೋರಿಸುವ ಋಣಭಾರ ಪತ್ರ) ತೆಗೆಸಿ, 1872ರ ಕರಾರು ಕಾಯ್ದೆಯ 17 ಮತ್ತು 19ನೇ ಸೆಕ್ಷನ್ ಹಾಕಿ ನೋಟಿಸ್ ಕೊಟ್ಟರು. ಮೋಸದಿಂದ ಮಾಡಿಸಿಕೊಂಡ ಅಗ್ರಿಮೆಂಟನ್ನು ಮೋಸಹೋದವರು ರದ್ದು ಮಾಡಬಹುದು. ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ಆ ಆದೇಶ ಕೋರ್ಟ್ ಡಿಕ್ರಿಗೆ ಸಮ, ಕಂತು ತಪ್ಪಿಸಿದರೆ ಜಾರಿ ಮಾಡಿಸಬಹುದು. ಹಣ ಕೊಟ್ಟು ಜಾಸ್ತಿ ದಿನವಾಯಿತು ಎಂದು ನಾವು ಸುಮ್ನೆ ಹೆದರಿದ್ದೆವು. ಮೋಸವಾದಾಗ ಕೇಸ್ ಹಾಕುವ ಗಡುವು ಎಣಿಸುವುದು ಮೋಸ ಗೊತ್ತಾದ ದಿನದಿಂದ! ರಶೀದಿ, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ.