ಮುಂಬಯಿಯಲ್ಲಿ ಅಜ್ಜ ಇದ್ದ ಚಾಳು ಹುಡುಕುವುದು ಹೇಗೆ?

ಕುಮಟಾದಿಂದ ಪ್ರಶ್ನೆ:
ನಮ್ಮ ಅಜ್ಜ 1950ರ ದಶಕದಲ್ಲಿ ಮುಂಬಯಿಯಲ್ಲಿ ಕೆಲಸಕ್ಕಿದ್ದರು. ಗಿರಗಾಂವಿನ ಯಾವುದೋ ಚಾಳಿನಲ್ಲಿ (ಸಾಲು ಕೋಣೆಗಳ ಬಾಡಿಗೆ ಕಟ್ಟಡ) ಒಂದು ಖೋಲಿ, ಅಂದರೆ ಕೋಣೆ. ಅಪ್ಪ ಹುಟ್ಟಿದ್ದೂ ಅಲ್ಲೇ. ಅಪ್ಪನನ್ನು ಕರೆದುಕೊಂಡು ಆ ಜಾಗ ನೋಡಿ ಬರುವ ಆಸೆ ಇದೆ. ಹಳೇ ಕಟ್ಟಡಗಳನ್ನೂ ನೋಡಬೇಕು. ಕೈಯಲ್ಲಿರುವುದು ಕೆಲವು ಪತ್ರ, ಒಂದು ಫೋಟೋ ಅಷ್ಟೆ. ಹೀಗೆ ಹೋಗಿ ಬಂದವರು ಎಲ್ಲಿಂದ ಶುರು ಮಾಡಿದಿರಿ, ಹೇಳಿ.

ಅಂಕೋಲಾದಿಂದ:
ಮೊದಲು ಆ ಪತ್ರಗಳನ್ನು ತೆಗೆದು ವಿಳಾಸ ಓದಿ. ‘ಬಾಂಬೆ 4’ ಅಂತ ಏನಾದರೂ ಇದೆಯಾ ನೋಡಿ. ಅದು ಆಗಿನ ಅಂಚೆ ವಲಯದ ನಂಬರ್. 1972ರಲ್ಲಿ ಪಿನ್ ಕೋಡ್ ಬಂದಾಗ ಅದೇ ನಂಬರ್ ಕೊನೆಯಲ್ಲಿ ಉಳಿದುಕೊಂಡಿತು. ಬಾಂಬೆ 4 ಅಂದರೆ ಈಗಿನ 400004, ಗಿರಗಾಂವ್. 7 ಇದ್ದರೆ ಗ್ರಾಂಟ್ ರೋಡ್, ಗಾಮದೇವಿ ಕಡೆ. 19 ಇದ್ದರೆ ಮಾಟುಂಗಾ.

ರಸ್ತೆಗಳ ಹೆಸರು ಬದಲಾಗಿವೆ. ಹಾರ್ನ್‌ಬಿ ರೋಡ್ ಈಗ ದಾದಾಭಾಯಿ ನವರೋಜಿ ರಸ್ತೆ. ಗಿರಗಾಂವ್ ರೋಡ್ ಈಗ ಜಗನ್ನಾಥ ಶಂಕರಶೇಟ್ ರಸ್ತೆ. ಹಳೇದು, ಹೊಸದು ಎರಡನ್ನೂ ಬರೆದಿಟ್ಟುಕೊಳ್ಳಿ. ಲ್ಯಾಮಿಂಗ್ಟನ್ ರೋಡನ್ನು ಜನ ಇವತ್ತಿಗೂ ಲ್ಯಾಮಿಂಗ್ಟನ್ ರೋಡ್ ಅಂತಲೇ ಕರೆಯುತ್ತಾರೆ.

ಮನೆಯ ಹಳೇ ಟ್ರಂಕಿನಲ್ಲಿ ಬಾಡಿಗೆ ರಸೀದಿ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ನಮ್ಮ ದೊಡ್ಡಪ್ಪನ ಖೋಲಿ ಸಿಕ್ಕಿದ್ದು ಅದರಿಂದಲೇ. ಚಾಳಿನ ಹೆಸರು, ಮಾಲೀಕರ ಹೆಸರು, ಖೋಲಿ ನಂಬರ್ ಮೂರೂ ಅದರಲ್ಲಿತ್ತು. ಪಗಡಿ (ಬಾಡಿಗೆಗೆ ಹಿಡಿಯುವಾಗ ಒಮ್ಮೆಗೇ ಕೊಡುವ ದೊಡ್ಡ ಮೊತ್ತ) ಕೊಟ್ಟು ಹಿಡಿದ ಖೋಲಿಗಳ ಬಾಡಿಗೆ ಹಕ್ಕು ಮನೆಯವರ ಕೈಯಲ್ಲೇ ಉಳಿಯುತ್ತದೆ. ಹಾಗಾಗಿ ಕೆಲವು ಚಾಳುಗಳಲ್ಲಿ ಹಳೇ ನೆರೆಯವರ ಮಕ್ಕಳು, ಮೊಮ್ಮಕ್ಕಳು ಈಗಲೂ ಇದ್ದಾರೆ. ದೊಡ್ಡಪ್ಪನ ಪಕ್ಕದ ಖೋಲಿಯ ಮರಾಠಿ ಅಜ್ಜಿಗೆ ಹೆಸರು ಹೇಳಿದಾಗ ನೆನಪಾಗಲಿಲ್ಲ. ‘ಅಂಕೋಲೆಯಿಂದ ಕುಚ್ಚಲಕ್ಕಿ ತರಿಸುತ್ತಿದ್ದವರು’ ಅಂದ ಕೂಡಲೇ ಒಳಗೆ ಕರೆದು ಕೂರಿಸಿದರು. ಇಂಥ ಗುರುತುಗಳನ್ನು ಅಪ್ಪನ ಹತ್ತಿರ ಈಗಲೇ ಕೇಳಿ ಇಟ್ಟುಕೊಳ್ಳಿ.

ಶಿರಸಿಯಿಂದ:
ಅಜ್ಜ ಮುಂಬಯಿಗೆ ಹೋಗಿದ್ದು ಹೇಗೆ ಅಂತ ಅಪ್ಪನಿಗೆ ಕೇಳಿ. ಕೊಂಕಣ ರೈಲು ಪೂರ್ತಿ ಶುರುವಾಗಿದ್ದು 1998ರಲ್ಲಿ. ಅದಕ್ಕೂ ಮೊದಲು ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ರೈಲು ಹಿಡಿಯಬೇಕಿತ್ತು. ಕರಾವಳಿಯವರಿಗೆ ಹಡಗೂ ಇತ್ತು. ಈ ಒಂದು ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ಎಷ್ಟೋ ವಿಷಯ ಹೊರಗೆ ಬಂತು.

ಗಾಮದೇವಿ ತಪ್ಪಿಸಬೇಡಿ. ಅಲ್ಲಿಯ ಸಾರಸ್ವತ ಸಹಕಾರಿ ಗೃಹ ಸಂಘ 1915ರದ್ದು. ಏಷ್ಯಾದಲ್ಲೇ ಮೊದಮೊದಲ ಇಂಥ ಸಂಘಗಳಲ್ಲಿ ಒಂದು. ಕಟ್ಟಿದವರು ನಮ್ಮ ಶಿರಾಲಿಯ ಚಿತ್ರಾಪುರ ಮಠದ ಸಮಾಜದವರು. ಮುಂದೆ ನಿಂತವರು ಎಸ್. ಎಸ್. ತಲ್ಮಕಿ. 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಬ್ಯಾಂಕ್ ಶುರು ಮಾಡಿದವರೂ ಅವರೇ. ಊರು ಬಿಟ್ಟು ಹೋದವರಿಗೆ ಒಂದು ಸೂರು, ಒಂದಿಷ್ಟು ಸಾಲ ಬೇಕಿತ್ತು. ಎರಡನ್ನೂ ತಾವೇ ಸೇರಿ ಮಾಡಿಕೊಂಡರು. ದೊಡ್ಡ ಗೋಪುರಗಳಿಗಿಂತ ನನಗೆ ಇದೇ ಜಾಸ್ತಿ ಹಿಡಿಸಿತು.

ಕಾರವಾರದಿಂದ:
ಗೋಪುರಕ್ಕೂ ನಮಗೂ ಸಂಬಂಧ ಇದೆ ಮಾರಾಯ್ರೆ. ನೀವು ಕುಮಟಾದವರು, ನಿಮಗೆ ಇದು ಗೊತ್ತಿರಲೇಬೇಕು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ವಿಲಾಯತಿ ಪೇಟೆಯಲ್ಲಿ ಆ ಹತ್ತಿಯ ಹೆಸರೇ ‘ಕುಮಟಾ’. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದೂ ಅದೇ ಸಮಯಕ್ಕೆ, 1862ರಲ್ಲಿ. 1956ರವರೆಗೂ ನಮಗೆ ಮುಂಬಯಿಯೇ ರಾಜಧಾನಿ. ನಿಮ್ಮ ಅಜ್ಜ ಹೋಗಿದ್ದು ಪರರಾಜ್ಯಕ್ಕಲ್ಲ.

ಈಗ ಓವಲ್ ಮೈದಾನದಲ್ಲಿ ನಿಂತು ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ ನೋಡಿ. ಅದಕ್ಕೆ ದುಡ್ಡು ಕೊಟ್ಟ ಪ್ರೇಮಚಂದ್ ರಾಯಚಂದ್ ಆ ಹತ್ತಿ ಕಾಲದ ದೊಡ್ಡ ವ್ಯಾಪಾರಿ. ಗೋಪುರಕ್ಕೆ ಇಟ್ಟಿದ್ದು ಅವರ ತಾಯಿಯ ಹೆಸರು. ಕೆಲಸ ಮುಗಿದಿದ್ದು 1878ರಲ್ಲಿ. ಮೈದಾನದ ಪೂರ್ವಕ್ಕೆ ಗೋಥಿಕ್ ಶೈಲಿಯ ಕಲ್ಲಿನ ಕಟ್ಟಡಗಳು, ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳು. 2018ರಲ್ಲಿ ಎರಡೂ ಸೇರಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಹೋಗುವ ಮೊದಲು 1883ರ ಕೆನರಾ ಗೆಜೆಟಿಯರ್ (ಬ್ರಿಟಿಷರ ಕಾಲದ ಜಿಲ್ಲಾ ವಿವರ ಗ್ರಂಥ) ಓದಿ, ಅಂತರ್ಜಾಲದಲ್ಲಿ ಸುಮ್ನೆ ಸಿಗುತ್ತದೆ. ಕುಮಟಾ ಬಂದರಿನ ಭಾಗ ಓದಿದವರಿಗೆ ಆ ಗೋಪುರ ಬೇರೆಯದೇ ಕತೆ ಹೇಳುತ್ತದೆ.

ಹೊನ್ನಾವರದಿಂದ:
ಎಲ್ಲರೂ ಹೇಳಿದ್ದು ಸರಿ. ನನ್ನದು ಒಂದೇ ಮಾತು, ತಡ ಮಾಡಬೇಡಿ. ಗಿರಗಾಂವಿನ ಚಾಳುಗಳು ಒಂದೊಂದಾಗಿ ಬಿದ್ದು ಅಲ್ಲಿ ಎತ್ತರದ ಕಟ್ಟಡ ಏಳುತ್ತಿವೆ. ನಿಮ್ಮ ಚಾಳು ಹೋಗಿದ್ದರೆ ಹತ್ತಿರದ ಖೋತಾಚಿ ವಾಡಿಗೆ ಹೋಗಿ. ಮರದ ಮೆಟ್ಟಿಲು, ಹೆಂಚಿನ ಮಾಡು ಅಲ್ಲಿ ಇನ್ನೂ ಇವೆ. ಅಪ್ಪನಿಗೆ ಓಣಿಯ ಅಂದಾಜಾದರೂ ಸಿಗುತ್ತದೆ. ಅಲ್ಲಿ ಜನ ವಾಸ ಇದ್ದಾರೆ, ಕೇಳದೆ ಫೋಟೋ ತೆಗೆಯಬೇಡಿ.

ಅಪ್ಪನಿಗೆ ವಯಸ್ಸಾಗಿದೆ ಅಲ್ವಾ? ಡಿಸೆಂಬರ್, ಜನವರಿಯಲ್ಲಿ ಹೋಗಿ. ಕುಮಟಾದಲ್ಲೇ ಮತ್ಸ್ಯಗಂಧಾ ರೈಲು ಹತ್ತಿದರೆ ಬೆಳಿಗ್ಗೆ ಮುಂಬಯಿ. ಓವಲ್ ಮೈದಾನ, ಗೋಪುರ ಇರುವ ಫೋರ್ಟ್ ಕಡೆ ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ, ಆಫೀಸುಗಳಿಗೆ ರಜೆ, ರಸ್ತೆ ಖಾಲಿ ಇರುತ್ತದೆ. ಗಿರಗಾಂವಿಗೆ ಮಾತ್ರ ಸಂಜೆ ಹೋಗಿ. ಹಳಬರು ಹೊರಗೆ ಕೂತು ಮಾತಾಡುವುದು ಆಗಲೇ.