ಬಡವನ ಹೊದಿಕೆಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕೆಂಬ ಬೈಬಲ್ ನಿಯಮ: ಆ ಕಾಲದ ಸಾಕ್ಷ್ಯವೇನಾದರೂ ಇದೆಯೇ?

ಪ್ರಶ್ನೆ (ಶಿಕ್ಷಕಿ, ವಿರಾಜಪೇಟೆ)

ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸುತ್ತೇನೆ. ಕಳೆದ ವಾರ ವಿಮೋಚನಕಾಂಡದ 22ನೆಯ ಅಧ್ಯಾಯ ಓದಿಸಿದೆ. ಬಡವನ ಹೊದಿಕೆಯನ್ನು ಒತ್ತೆಯಾಗಿ ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡಬೇಕು, ಹೊದೆಯಲು ಅವನಿಗೆ ಇರುವುದು ಅದೊಂದೇ ಎಂದು ಅಲ್ಲಿ ಬರುತ್ತದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಟೀಚರ್, ಹಳೆಯ ಕಂಬಳಿ ಕಿತ್ತುಕೊಂಡರೆ ಯಾರಿಗೆ ಏನು ಲಾಭ? ನಿಜವಾಗಿ ಹೀಗೆ ನಡೆಯುತ್ತಿತ್ತೇ?" ಎಂದು ಕೇಳಿದಳು. ಮುಂದಿನ ಭಾನುವಾರ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಬಲ್ಲವರು ತಿಳಿಸಿ.

ಉತ್ತರ 1 (ನಿವೃತ್ತ ಇತಿಹಾಸ ಉಪನ್ಯಾಸಕ, ಮಡಿಕೇರಿ)

ಉತ್ಖನನದಲ್ಲಿ ಹೆಚ್ಚಾಗಿ ಸಿಗುವುದು ಅರಸರ ಮಾತು. ಜೆರುಸಲೇಮಿನಲ್ಲಿ ಯೆಹೂದದ ಅರಸ ಹಿಜ್ಕೀಯನದೆಂದು ಹೇಳುವ 533 ಮೀಟರ್ ಉದ್ದದ ನೀರಿನ ಸುರಂಗವಿದೆ. 1993ರಲ್ಲಿ ಇಸ್ರೇಲಿನ ಉತ್ತರದ ತೆಲ್ ದಾನ್‌ನಲ್ಲಿ 'ದಾವೀದನ ಮನೆತನ' ಎಂದು ಕೆತ್ತಿದ ಕಲ್ಲು ಸಿಕ್ಕಿತು. ಆದರೆ ಕೂಲಿಯವನ ಹೊದಿಕೆಯ ಸಂಗತಿಯನ್ನು ಕಲ್ಲಿನಲ್ಲಿ ಕೆತ್ತಿಸುವವರು ಯಾರು?

ಉತ್ತರ 2 (ಸುಂಟಿಕೊಪ್ಪದವನು)

ಕಲ್ಲಿನಲ್ಲಿ ಇಲ್ಲ ಸರ್, ಮಡಕೆಯ ಚೂರಿನಲ್ಲಿ ಇದೆ. 1960ರಲ್ಲಿ ಇಸ್ರೇಲಿನ ಕಡಲ ತೀರದ ಮೆಸಾದ್ ಹಶವ್ಯಾಹು ಎಂಬ ಪುಟ್ಟ ಕೋಟೆಯಲ್ಲಿ ಮಸಿಯಲ್ಲಿ ಬರೆದ ಹೀಬ್ರೂ ಅರ್ಜಿಯೊಂದು ಸಿಕ್ಕಿತು. ಕ್ರಿಸ್ತಪೂರ್ವ 7ನೆಯ ಶತಮಾನದ ಕೊನೆಯ ಭಾಗದ್ದು. ಬರೆಸಿದವನು ಪೈರು ಕೊಯ್ಯುವ ಆಳು. ಕೋಟೆಯ ಅಧಿಕಾರಿಯಲ್ಲಿ ಅವನು ತೋಡಿಕೊಳ್ಳುವುದು ಇಷ್ಟು: ನನ್ನ ಪಾಲಿನ ಕೊಯ್ಲು ಮುಗಿಸಿದೆ, ಕಾಳನ್ನು ಕಣಜಕ್ಕೆ ಸೇರಿಸಿದೆ, ಆದರೂ ಶೋಬಾಯನ ಮಗ ಹೋಷಾಯಾಹು ಬಂದು ನನ್ನ ಬಟ್ಟೆಯನ್ನು ಎತ್ತಿಕೊಂಡು ಹೋದ, ಬಿಸಿಲಿನಲ್ಲಿ ನನ್ನ ಜೊತೆ ಕೊಯ್ದವರೆಲ್ಲ ಸಾಕ್ಷಿ ಹೇಳುತ್ತಾರೆ, ಬಟ್ಟೆ ಕೊಡಿಸಿ. ಅವನು ಹೇಳಿದಂತೆ ಲಿಪಿಕಾರ ಬರೆದುಕೊಂಡಿರಬೇಕು. ಹೇಳಿದ್ದನ್ನೇ ಮತ್ತೆ ಹೇಳುವ, ಗಂಟಲು ಕಟ್ಟಿದವನ ಮಾತು ಅದು. ಕಿತ್ತುಕೊಂಡವನ ಹೆಸರು ಅವನ ಅಪ್ಪನ ಹೆಸರಿನ ಸಮೇತ ಉಳಿದಿದೆ. ಕಳೆದುಕೊಂಡವನು ಬರೀ 'ನಿಮ್ಮ ಸೇವಕ'.

ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ತೋಟದ ಲೈನ್ ಮನೆಯಲ್ಲಿ ಬೆಳೆದವನು. ಆರನೆಯ ತರಗತಿಯಲ್ಲಿದ್ದಾಗ, ಕಾಫಿ ಕೊಯ್ಲಿನ ಒಂದು ಸಂಜೆ, ಅಮ್ಮನ ಚೀಲ ತೂಕಕ್ಕೆ ಕಡಿಮೆ ಬಂತು. ಮುಂಗಡ ಬೇರೆ ತೀರಿರಲಿಲ್ಲ. ಮೇಸ್ತ್ರಿ ಅವಳ ಕರಿಯ ಕಂಬಳಿಯನ್ನು ಎಳೆದುಕೊಂಡು ಗೋದಾಮಿನ ಗೂಟಕ್ಕೆ ಹಾಕಿದ. ಬೆಳಿಗ್ಗೆ ಇಬ್ಬನಿಗೆ ಅವಳ ತಲೆಯ ಮೇಲಿನ ಕೊಪ್ಪೆ ಅದೇ, ರಾತ್ರಿ ನಮ್ಮ ಮೂವರ ಹೊದಿಕೆಯೂ ಅದೇ. ಒಂದು ಮೂಲೆಯಲ್ಲಿ ಒಲೆಯ ಕಿಡಿ ಬಿದ್ದು ಸುಟ್ಟ ತೂತಿತ್ತು. ಅದರಲ್ಲಿ ಬೆರಳು ತೂರಿಸಿಕೊಂಡೇ ನಾನು ನಿದ್ದೆ ಹೋಗುತ್ತಿದ್ದೆ. ಆ ರಾತ್ರಿ ಗೋಣಿಚೀಲ ಹೊದ್ದು ಮಲಗಿದೆವು. ನಾರು ಕುತ್ತಿಗೆಗೆ ಚುಚ್ಚುತ್ತಿತ್ತು.

ಆ ಕಂಬಳಿಯನ್ನು ಸಂತೆಗೆ ಒಯ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ಆದರೆ ಅದು ಗೂಟದಲ್ಲಿರುವಷ್ಟು ದಿನ ಅಮ್ಮ ಬೇರೆ ತೋಟದ ಕೆಲಸಕ್ಕೆ ಹೋಗುವಂತಿರಲಿಲ್ಲ. ಬೆಳಗಾದರೆ ಅವನ ಮುಂದೆಯೇ ಬಂದು ನಿಲ್ಲಬೇಕು. ಲಾಭ ಎಂದರೆ ಅದೇ. ಆ ಹುಡುಗಿಗೆ ಹೀಗೆಂದು ಹೇಳಿ.

ಉತ್ತರ 3 (ನಿವೃತ್ತ ಇತಿಹಾಸ ಉಪನ್ಯಾಸಕ)

ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಮಕ್ಕಳಿಗೆ ಹೇಳುವಾಗ ಒಂದು ಎಚ್ಚರ ಇರಲಿ. ಆ ಚೂರಿನಲ್ಲಿ ಮೋಶೆಯ ಹೆಸರಿಲ್ಲ, ಯಾವ ವಚನದ ಉಲ್ಲೇಖವೂ ಇಲ್ಲ. ಅಲ್ಲಿನ ಜಗಳವೂ ಸಾಲದ್ದೆಂದು ಸ್ಪಷ್ಟವಿಲ್ಲ, ಕೆಲಸ ಕಡಿಮೆಯಾಯಿತೆಂಬ ಆರೋಪದಂತೆ ಕಾಣುತ್ತದೆ. ಆದ್ದರಿಂದ ಬೈಬಲ್ ಸಾಬೀತಾಯಿತು ಎನ್ನಬೇಡಿ. ಆ ನಿಯಮ ಯಾವ ನೋವಿಗೆ ಹುಟ್ಟಿತೆಂಬುದು ಕಾಣಿಸಿತು ಎನ್ನಿ. ಬೈಬಲಿನ ಪ್ರವಾದಿ ಆಮೋಸನೂ, ಒತ್ತೆಯ ಬಟ್ಟೆಗಳನ್ನು ಹಾಸಿಕೊಂಡು ಬಲಿಪೀಠಗಳ ಬಳಿ ಒರಗುವವರ ಮೇಲೆ ಸಿಡಿದೇಳುತ್ತಾನೆ (2:8). ಬೈಬಲಿನ ಇನ್ನೊಂದು ಪುಸ್ತಕವಾದ ಧರ್ಮೋಪದೇಶಕಾಂಡ ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದು ಎನ್ನುತ್ತದೆ. ಅದಕ್ಕೂ ಹಳೆಯದಾದ ಬಾಬಿಲೋನಿನ ಹಮ್ಮುರಾಬಿಯ ಶಾಸನ, ಎತ್ತನ್ನು ಒತ್ತೆಯಾಗಿ ಎಳೆದೊಯ್ದವನಿಗೆ ಬೆಳ್ಳಿಯ ದಂಡ ಹಾಕುತ್ತದೆ. ಎತ್ತು, ಬೀಸುವ ಕಲ್ಲು, ಹೊದಿಕೆ: ಬೆಲೆ ಬೇರೆ ಬೇರೆಯಾದರೂ ಯಾವುದು ಹೋದರೂ ಬಡವನ ಮನೆ ಮರುದಿನವೇ ನಿಂತುಹೋಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಭಾನುವಾರ ಒಂದು ಒಡೆದ ಮಡಕೆಯ ಚೂರನ್ನು ತೆಗೆದುಕೊಂಡು ಹೋಗುತ್ತೇನೆ, ಎಷ್ಟು ಚಿಕ್ಕ ಜಾಗದಲ್ಲಿ ಅವನು ಅಷ್ಟನ್ನು ಬರೆಸಬೇಕಾಯಿತು ಎಂದು ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ. ಸುಂಟಿಕೊಪ್ಪದವರೇ, ನಿಮ್ಮ ತಾಯಿಯ ಕಂಬಳಿಯ ವಿಷಯ ತರಗತಿಯಲ್ಲಿ ಹೇಳಬಹುದೇ?

ಉತ್ತರ (ಸುಂಟಿಕೊಪ್ಪದವನು)

ಹೇಳಿ. ಹೆಸರು ಬೇಡ. ಕಂಬಳಿ ನಮ್ಮ ಕೈಗೆ ಮರಳಿದ್ದು ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ಎಂಬುದನ್ನೂ ಹೇಳಿ.